ನವಿಲುಗೊರಳಿನ ದಾರ

ನಾನು ಶಾಲೆ ಬಿಟ್ಟದ್ದು 1949ರಲ್ಲಿ, ಕನ್ನಡ ಆರನೆಯ ಇಯತ್ತೆ ಮುಗಿಸಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಬರಹದಲ್ಲಿ ತಪ್ಪು ಹುಡುಕಿ ಮುಸಿಮುಸಿ ನಗುವುದು ಬೇಡ. ಮೂವತ್ತು ವರ್ಷ ಮುಂಬಯಿಯ ಗಿರಣಿಯಲ್ಲಿ ನಿಂತುಕೊಂಡೇ ದುಡಿದಿದ್ದೇನೆ. ಯಾರ ಮುಂದೆಯೂ ಕೈ ಒಡ್ಡಿಲ್ಲ.

ಹೋದ ತಿಂಗಳು ಮುಲುಂಡಿನ ನಮ್ಮ ಮನೆಗೆ ಬಣ್ಣ ಹೊಡೆಸುವುದೆಂದು ಆಯಿತು. ಪೇಂಟರ್ ಒಂದು ದಪ್ಪ ಪುಸ್ತಕ ತಂದು ಮೇಜಿನ ಮೇಲೆ ಒಗೆದ. ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಪುಸ್ತಕ. ಪುಟದ ತುಂಬ ಬಣ್ಣದ ಚೌಕ, ಪ್ರತಿ ಚೌಕದ ಕೆಳಗೂ ಒಂದು ಅಂಕಿ. ನನಗೆ ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ ಬೇಕಾಗಿತ್ತು. ಅದನ್ನು ಅವನಿಗೆ ಹಿಂದಿಯಲ್ಲಿ ತಿಳಿಸಲು ಹೆಣಗುತ್ತಿದ್ದಾಗ ಅವನು, "ಚಾಚಾ, ನಂಬರ್ ಬೋಲೋ, ನಂಬರ್" ಎಂದ. ನನ್ನ ಮಗಳು ಎರಡು ಚೌಕಗಳ ಮೇಲೆ ಬೆರಳಿಟ್ಟು, "ಪಪ್ಪಾ, ದೋನೋ ಪಿಂಕೇ ಅಲ್ವಾ? ಎಷ್ಟು ಟೈಮ್ ವೇಸ್ಟ್ ಮಾಡ್ತೀರಿ" ಎಂದಳು.

ಎರಡೂ ಪಿಂಕು! ಆ ಪುಸ್ತಕವನ್ನು ಎರಡನೆಯ ಮಾಳಿಗೆಯಿಂದ ಕೆಳಗೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಎತ್ತಿಕೊಂಡು ಉತ್ತರದ ಕಿಟಕಿಗೆ ಹೋದೆ. ಕಾಲು ತಾನಾಗಿಯೇ ಅಲ್ಲಿಗೆ ಹೋಯಿತು... ಬಣ್ಣ ನೋಡುವುದಿದ್ದರೆ ಉತ್ತರದ ಕಿಟಕಿಗೇ ಹೋಗಬೇಕೆಂದು ಕಾಕಾ ಹೇಳಿಕೊಟ್ಟಿದ್ದರು.

ಕಾಕಾ ನನಗೆ ನೆಂಟರಲ್ಲ. ನಾಯಗಾಂವ್ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯವರು. ಗುಳೇದಗುಡ್ಡದ ಕಡೆಯ ನೇಕಾರ ಮನೆತನ. ಹೆಂಡತಿ ತೀರಿಕೊಂಡ ಮೇಲೆ ಮುಂಬಯಿಗೆ ಬಂದು, ಗಿರಣಿಯ ರಂಗಖಾತೆಯಲ್ಲಿ ಬಣ್ಣ ಹೊಂದಿಸುವ ಕೆಲಸಕ್ಕೆ ನಿಂತಿದ್ದರು. ಗಿರಾಕಿ ಕೊಟ್ಟ ತುಂಡು ಒಂದು ಕೈಯಲ್ಲಿ, ನಾವು ಅದ್ದಿದ ಬಟ್ಟೆ ಇನ್ನೊಂದು ಕೈಯಲ್ಲಿ ಹಿಡಿದು, ಎರಡರ ಬಣ್ಣ ಒಂದೇ ಹೌದೋ ಅಲ್ಲವೋ ಹೇಳಬೇಕು. ಅಷ್ಟೇ ಕೆಲಸ. ಆದರೆ ಅವರು ಹೂಂ ಅನ್ನದೆ ಒಂದು ಗಜ ಬಟ್ಟೆಯೂ ಖಾತೆಯಿಂದ ಹೊರಬೀಳುತ್ತಿರಲಿಲ್ಲ. "ಹಸಿ ಬಟ್ಟಿ ಸುಳ್ಳು ಹೇಳತೈತಿ" ಎಂದು ತುಂಡನ್ನು ಉಗಿಯ ಕೊಳವೆಗೆ ಒತ್ತಿ, ಒಣಗಿಸಿಯೇ ನೋಡುತ್ತಿದ್ದರು.

ನಾನು ಆ ಖಾತೆಗೆ ಸೇರಿದ ವಾರವೇ ನನ್ನ ಮುಂದೆ ಎರಡು ತುಂಡು ಹಿಡಿದರು.

"ಇದು ಯಾವ ಬಣ್ಣ?"

"ಕೆಂಪು."

"ಮತ್ತ ಇದು?"

"ಅದೂ ಕೆಂಪು."

"ಅಲ್ಲಲೇ, ನಿನಗ ಅವ್ವನೂ ಹೆಂಗಸ, ಅತ್ತಿನೂ ಹೆಂಗಸ ಅಂತ ಹೇಳಿ ಬಿಟ್ಟಾರೇನ?"

ಖಾತೆಯ ಮಂದಿಯೆಲ್ಲ ನಕ್ಕರು. ನನಗೆ ಉರಿದುಹೋಯಿತು. ಆದರೆ ಆವತ್ತಿನಿಂದ ಪಾಠ ಶುರುವಾಯಿತು. ಒಂದು ದಾಳಿಂಬರಿ, ಇನ್ನೊಂದು ಹವಳ. ಆಮೇಲೆ ಕಿರಮಂಜಿ, ಕುಂಕುಮ, ಇಟ್ಟಂಗಿ, ಹಸಿರಿನಲ್ಲಿ ಗಿಳಿ, ಮಾವಿನ ಚಿಗುರು, ಬಾಳಿ ಸುಳಿ... ವಿಚಿತ್ರವೆಂದರೆ, ಹೆಸರು ಬಾಯಿಗೆ ಬಂದ ಮೇಲೆಯೇ ಬಣ್ಣ ಕಣ್ಣಿಗೆ ಬಂತು. ಅಲ್ಲಿಯವರೆಗೆ ಆ ಎರಡು ಕೆಂಪೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ರವಿವಾರ ಮಾಟುಂಗದ ಹೂವಿನ ಅಂಗಡಿ ಸಾಲಿನಲ್ಲಿ ಹೋಗುವಾಗ ಮೊದಲು ನನಗೆ ಬರೀ ಗದ್ದಲ ಕಾಣುತ್ತಿತ್ತು. ವರ್ಷ ಕಳೆಯುವುದರೊಳಗೆ ಅದೇ ಸಾಲಿನಲ್ಲಿ ಒಂದೊಂದು ಬುಟ್ಟಿಯೂ ಬೇರೆಯಾಗಿ ನಿಂತಿತು. ಹೊಸ ಕಣ್ಣು ಬಂದ ಹಾಗಾಗಿತ್ತು ನನಗೆ.

ಹೆಸರು ಕಲಿತದ್ದು ಬಣ್ಣಕ್ಕಷ್ಟೇ ಅಲ್ಲ. ಒಮ್ಮೆ ನಮ್ಮ ಮೇಲ್ವಿಚಾರಕ ಜಾಬರ್ ನನ್ನನ್ನು ಎಲ್ಲರೆದುರು "ಅನಪಢ್", ಓದು ಬಾರದವನು ಎಂದು ಬೈದ. ಖೋಲಿಗೆ ಬಂದು ಊಟ ಮಾಡದೆ ಗೋಡೆಗೆ ಮುಖ ಹಾಕಿ ಕೂತಿದ್ದೆ. ಕಾಕಾ ಬಾಗಿಲಲ್ಲಿ ನಿಂತು ಕೇಳಿದರು: "ಸಿಟ್ಟೋ, ಸೆಡವೋ?"

"ಎರಡರಾಗ ಏನ ಫರಕ, ಕಾಕಾ?"

"ಜಾಬರನ ಮ್ಯಾಲ ಆದ್ರ ಸಿಟ್ಟು. ಉಂಡ್ರ ಹೋಗತೈತಿ. ನಮ್ಮ ಮಂದಿ ಮ್ಯಾಲ ಆದ್ರ ಸೆಡವು. ಅದು ಮಾತಾಡಿದ್ರನ ಹೋಗೂದು. ಯಾವುದಂತ ಹೇಳು, ರೊಟ್ಟಿ ತರಲ್ಯೋ, ಪೋಸ್ಟ್‌ಕಾರ್ಡ್ ತರಲ್ಯೋ ನೋಡತೇನಿ."

ನಾನು ಒಳಗೆ ಹುಡುಕಿದೆ. ಹುಡುಕಿದರೆ ಅಲ್ಲಿ ಜಾಬರ್ ಇರಲೇ ಇಲ್ಲ. ಅಪ್ಪ ಇದ್ದ, ನನ್ನನ್ನು ಶಾಲೆ ಬಿಡಿಸಿದವನು. ಆರು ವರ್ಷ ಹೊಟ್ಟೆಯಲ್ಲಿ ಹೊತ್ತು ತಿರುಗಿದ್ದು ಏನೆಂದು ಎರಡು ಶಬ್ದ ಸಿಕ್ಕ ಮೇಲೆ ನನಗೇ ತಿಳಿಯಿತು. ಅಪ್ಪನಿಗೆ ಆವತ್ತು ಕಾರ್ಡು ಬರೆದೆ.

ಓದಿದವರು ಸಭೆಗಳಲ್ಲಿ ಭಾಷಣ ಮಾಡುತ್ತಾರೆ: ಭಾಷೆ ಅಂದರೆ ಚೀಲ, ಯಾವ ಚೀಲಕ್ಕೆ ಸುರಿದರೂ ಒಳಗಿನ ಜೋಳ ಅದೇ ಅಂತ. ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಡಿಯುತ್ತೇನೆ. ಚೀಲ ಬದಲಿಸುವಾಗ ಜೋಳ ಚೆಲ್ಲಿದ್ದನ್ನು ನಾನು ನೋಡಿದ್ದೇನೆ. ಚೆಲ್ಲಿದವನೂ ನಾನೇ.

1955ರಲ್ಲಿ ರಂಗಖಾತೆಗೆ ವಿಲಾಯತಿಯಲ್ಲಿ ಕಲಿತು ಬಂದ ಹೊಸ ಸಾಹೇಬನೊಬ್ಬ ಬಂದ. ಅವನ ಜೊತೆ ಒಂದು ಬಣ್ಣದ ಕಾರ್ಡು ಬಂತು, ಎಲ್ಲಕ್ಕೂ ನಂಬರು. ತನ್ನ ಕ್ಯಾಬಿನ್ನಿನ ಟ್ಯೂಬ್‌ಲೈಟಿನ ಕೆಳಗೆ ಕೂತೇ ಅವನು ಬಟ್ಟೆ ಪಾಸು ಮಾಡುತ್ತಿದ್ದ. ಹಾಗೆ ಪಾಸಾದ ಒಂದು ಲಾಟನ್ನು ಕಾಕಾ ಕಿಟಕಿಗೆ ಒಯ್ದು ನೋಡಿ, ಬಾಗಿಲಲ್ಲೇ ತಡೆದು ನಿಲ್ಲಿಸಿದರು. ಗಿರಾಕಿ ಕೇಳಿದ್ದು ಕುಂಕುಮ, ಇದು ಇಟ್ಟಂಗಿ.

"ನಂಬರ್ ಏಕ್ ಹೈ ತೋ ರಂಗ್ ಭೀ ಏಕ್ ಹೈ" ಎಂದ ಸಾಹೇಬ.

ಕಾಕಾ ನನ್ನ ಕಡೆ ತಿರುಗಿ, "ಎರಡು ಕೂಸಿಗೆ ಒಂದ ಹೆಸರ ಇಟ್ರ ಒಂದ ಕೂಸ ಆಗತಾವೇನಂತ ಕೇಳವನ್ನ" ಎಂದರು. ನಾನು ಹುಮ್ಮಸ್ಸಿನಲ್ಲಿ ಅದನ್ನು ಹಿಂದಿಯಲ್ಲಿ ಹೇಳಿದೆ. ಖಾತೆಯೆಲ್ಲ ನಕ್ಕಿತು. ಸಾಹೇಬ ನಗಲಿಲ್ಲ. ಮುದುಕನ ಕಣ್ಣು ಕೆಟ್ಟಿದೆ, ಡಾಕ್ಟರಿಗೆ ತೋರಿಸಿ ಸರ್ಟಿಫಿಕೇಟ್ ತರಲಿ, ಇಲ್ಲವಾದರೆ ಬಣ್ಣದ ಕೆಲಸ ಬಿಡಲಿ ಎಂದು ಹುಕುಂ ಮಾಡಿದ.

ದುಭಾಷಿಯಾಗಿ ನಾನೇ ಹೋದೆ. ಕಾಕಾನಿಗೆ ಚಹಾ ಕೇಳುವಷ್ಟು, ಟ್ರಾಮಿನವನ ಜೊತೆ ಜಗಳ ಆಡುವಷ್ಟು ಹಿಂದಿ ಇತ್ತು. ಬಣ್ಣದ ಹೆಸರು ಮಾತ್ರ ಆ ಬಾಯಿಂದ ಇನ್ನೊಂದು ಭಾಷೆಯಲ್ಲಿ ಹೊರಡುತ್ತಿರಲಿಲ್ಲ. ನನಗೋ ನನ್ನ ಹಿಂದಿಯ ಬಗ್ಗೆ ಭಾರೀ ಗರ್ವ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ.

ಡಾಕ್ಟರ್ ಒಂದು ಡಬ್ಬಿ ತೆರೆದ. ತುಂಬ ಉಣ್ಣೆಯ ದಾರಗಳು. ಒಂದೊಂದನ್ನೇ ಎತ್ತಿ ಹಿಡಿದು, "ಕೌನ್ ಸಾ ರಂಗ್?" ಎನ್ನುವನು.

"ದಾಳಿಂಬರಿ" ಎಂದರು ಕಾಕಾ.

"ಲಾಲ್" ಎಂದೆ ನಾನು.

"ಹವಳ."

"ಲಾಲ್."

ಕಾಕಾ ನನ್ನನ್ನು ನೋಡಿದರು. "ಎರಡಕ್ಕೂ ಲಾಲ್ ಅಂದ್ಯಲ್ಲೋ!"

"ಡಾಕ್ಟರಿಗೆ ಅಷ್ಟ ಸಾಕು, ಕಾಕಾ."

ಆಮೇಲೆ ಒಂದು ದಾರ ಬಂತು. ಕಾಕಾ ಅದನ್ನು ಬೆರಳಲ್ಲಿ ಹೊರಳಿಸಿ, ಹಳೆಯ ಗುರುತಿನವರನ್ನು ಕಂಡ ಹಾಗೆ ನಕ್ಕು, "ನವಿಲುಗೊರಳು" ಎಂದರು. ನಾನು ತಡವರಿಸಿದೆ. "ನೀಲಾ ಯಾ ಹರಾ? ಜಲ್ದಿ ಬೋಲೋ" ಎಂದ ಡಾಕ್ಟರ್, ನೀಲಿಯೋ ಹಸಿರೋ ಒಂದು ಹೇಳು ಎಂದು. ನಾನು "ನೀಲಾ" ಎಂದೆ. ಐದಾರು ದಾರ ದಾಟಿದ ಮೇಲೆ ಮತ್ತೆ ಅದೇ ದಾರ ಎತ್ತಿದ. ಬೇಕೆಂದೇ ಎತ್ತಿದ್ದು, ಪರೀಕ್ಷೆಯೇ ಅದು. ಕಾಕಾ ಒಂದು ಕ್ಷಣ ಕೂಡ ಯೋಚಿಸದೆ ಅದೇ ಹೆಸರು ಹೇಳಿದರು: "ನವಿಲುಗೊರಳು." ದಾರದ ಮೇಲೆ ಬೆಳಕು ಈ ಸಲ ಬೇರೆ ಕಡೆಯಿಂದ ಬೀಳುತ್ತಿತ್ತು. ಹಿಂದೆ ಏನು ಹೇಳಿದ್ದೆನೆಂಬುದು ನನಗೆ ಮರೆತಿತ್ತು. "ಹರಾ" ಎಂದೆ.

ಡಾಕ್ಟರ್ ತಲೆ ಎತ್ತಿ ನೋಡಿದ. ನನ್ನನ್ನಲ್ಲ, ಕಾಕಾನನ್ನು. ಆಮೇಲೆ ಬರೆದುಕೊಂಡ.

ಆಗಲೇ ನನಗೆ ಗೊತ್ತಾಯಿತು. "ತಪ್ಪು ನನ್ನದು, ಅವರು ಎರಡು ಸಲವೂ ಒಂದೇ ಹೇಳಿದರು" ಎಂದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಹೇಳಿದರೆ ನನಗೆ ಹಿಂದಿ ಬರುವುದಿಲ್ಲವೆಂದು ಒಪ್ಪಿಕೊಂಡಂತಾಗುತ್ತಿತ್ತು. ಇಸ್ತ್ರಿ ಅಂಗಿಯ ಕಾಲರು ಸರಿಮಾಡಿಕೊಂಡೆ.

ಸರ್ಟಿಫಿಕೇಟನ್ನು ಆಫೀಸಿನ ಕಾರಕೂನ ಎಲ್ಲರೆದುರು ಓದಿ ಹೇಳಿದ: ಒಂದೇ ದಾರಕ್ಕೆ ಒಮ್ಮೆ ನೀಲಿ, ಒಮ್ಮೆ ಹಸಿರು ಎಂದಿದ್ದಾನೆ, ಈ ಮನುಷ್ಯನಿಗೆ ಬಣ್ಣಗುರುಡು. ಇಡೀ ಮುಂಬಯಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಂಡ ಕಣ್ಣಿಗೆ ಕುರುಡೆಂದು ಮೊಹರು ಹೊಡೆದರು! ಮರುದಿನ ಕಾಕಾನನ್ನು ಗೋದಾಮಿಗೆ ಹಾಕಿದರು, ಗೋಣಿತಟ್ಟಿನ ಗಂಟು ಹೊಲಿಯಲು.

ಆ ಲಾಟು ಗಿರಾಕಿಯಿಂದ ವಾಪಸು ಬಂತೆಂದು ನೀವು ಅಂದುಕೊಂಡಿರಬಹುದು. ಬರಲಿಲ್ಲ. ಮಾರಿಹೋಯಿತು. ಕೊಂಡವರಿಗೂ ಉಟ್ಟವರಿಗೂ ವ್ಯತ್ಯಾಸ ಕಾಣಲಿಲ್ಲ. ನನಗೆ ಇವತ್ತಿಗೂ ಮೈ ಉರಿಯುವುದು ಅದಕ್ಕೇ.

ಕಾಕಾ ನನ್ನನ್ನು ಒಮ್ಮೆ ಮಾತ್ರ ಕೇಳಿದರು, ಚಾಳಿನ ನಳದ ಹತ್ತಿರ. "ನಾ ಎರಡೂ ಸಲ ಒಂದ ಹೆಸರ ಹೇಳಿದ್ನೆಲ್ಲೋ?"

"ಹೌದು, ಕಾಕಾ."

"ಮತ್ತ ಕಾಗದದಾಗ ಎರಡು ಹೆಂಗ ಆದುವು?"

"ಡಾಕ್ಟರ್ ತಪ್ಪ ಬರದಾನ" ಎಂದೆ.

ಕೊಡ ತುಂಬಿ ಹೊರಚೆಲ್ಲುವವರೆಗೂ ನನ್ನ ಮುಖ ನೋಡುತ್ತ ನಿಂತರು. ನನ್ನ ಮುಖದಲ್ಲಿ ಯಾವ ಬಣ್ಣ ಕಂಡಿತೋ... ಹೆಸರು ಹೇಳಲಿಲ್ಲ. ಆಮೇಲೆ ಅವರು ಯಾವ ಬಣ್ಣಕ್ಕೂ ಹೆಸರು ಹೇಳಲಿಲ್ಲ. ಚಾಳಿನ ಹೆಂಗಸರು ಹೊಸ ಸೀರೆ ತಂದು ತೋರಿಸಿದರೆ, "ಕೆಂಪೈತಿ, ಚಲೋ ಐತಿ" ಎಂದುಬಿಡುತ್ತಿದ್ದರು. ದಾಳಿಂಬರಿಗೂ ಕೆಂಪು, ಹವಳಕ್ಕೂ ಕೆಂಪು. ಎರಡು ವರ್ಷ ಹೀಗೇ ಕಳೆದು ಊರಿಗೆ ಹೋದರು. ಮರುವರ್ಷ ತೀರಿಕೊಂಡರೆಂದು ಕಾರ್ಡು ಬಂತು.

ಸಾಹೇಬನ ಮೇಲೆ ನನಗೆ ಸಿಟ್ಟಿದೆ, ಡಾಕ್ಟರನ ಮೇಲೂ ಇದೆ. ಎಷ್ಟು ಉಂಡರೂ ಹೋಗಿಲ್ಲ. ನನ್ನ ಮಗಳ ಮೇಲೆ ಸೆಡವಿದೆ, ಅದು ಮಾತಾಡಿದರೆ ಹೋದೀತು. ಆದರೆ ಯಾವ ಭಾಷೆಯಲ್ಲಿ ಮಾತಾಡಲಿ?

ಗೋಡೆಗೆ ನಂಬರಿನ ಬಣ್ಣವೇ ಬಿತ್ತು. ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ. ಈಗ ನನ್ನ ಹತ್ತಿರ ಇರುವುದು ಇಷ್ಟು: ಮುಲುಂಡಿನಲ್ಲಿ ಎರಡು ಖೋಲಿ, ಉತ್ತರಕ್ಕೆ ಒಂದು ಕಿಟಕಿ, ಒಬ್ಬಳು ಮಗಳು. ಕಾಕಾ ಕೊಟ್ಟ ಹೆಸರುಗಳಲ್ಲಿ ಹತ್ತೊಂಬತ್ತು ನೆನಪಿವೆ. ಅದರಲ್ಲಿ ಏಳು ಹೆಸರಷ್ಟೇ ಉಳಿದಿವೆ, ಬಣ್ಣ ಕಣ್ಣಿಗೆ ಬರುವುದಿಲ್ಲ. ಬೇರೆಯವರ ಮೇಲೆ ಇರುವುದಕ್ಕೆ ಸಿಟ್ಟು, ಸೆಡವು ಎಂದು ಎರಡು ಶಬ್ದ. ನನ್ನ ಮೇಲೆ ನನಗೆ ಇರುವುದಕ್ಕೆ ಒಂದೂ ಇಲ್ಲ.