ಮೂಗಿನ ನೇರಕ್ಕೆ ಕಟ್ಟಿದ ಹಲ್ಲು

ಭಾಲ್ಕಿಯಲ್ಲಿ ಗಿಡಿಯೋನ ಕಟ್ಟಿದ ಹಲ್ಲಿಗೆ ಮೂವತ್ತು ವರ್ಷದ ಹೆಸರು. ಡಾಕ್ಟರು ಬಾಯಿಯ ಅಚ್ಚು ಕಳಿಸುತ್ತಿದ್ದರು, ಇವನು ಮನೆಯಲ್ಲೇ ಕೂತು ಹಲ್ಲಿನ ಸೆಟ್ಟು ಕಟ್ಟುತ್ತಿದ್ದ. ಮುಂದಿನ ಎರಡು ಅಗಲ, ಪಕ್ಕದವು ಕಿರಿದು, ಕೋರೆಹಲ್ಲು ಎದುರಿನಿಂದ ಅರ್ಧ ಮಾತ್ರ ಕಾಣಬೇಕು. ಮುಂದಿನೆರಡರ ನಡುಗೆರೆ ಮೂಗಿನ ನೇರಕ್ಕೆ. ಇದರಲ್ಲಿ ಅವನ ಅಳತೆಯ ಕೈವಾರ ಎಂದೂ ತಪ್ಪಿರಲಿಲ್ಲ. ಆದರೂ ಮೆಹಕರದ ಕಾಂತಾಬಾಯಿ ಇವನ ಸೆಟ್ಟನ್ನು ಚೀಲಕ್ಕೆ ಹಾಕಿ, ಬೀದರಿನಲ್ಲಿ ಹೊಸದಾಗಿ ಅಂಗಡಿ ಇಟ್ಟ ಖಾಲಿದನ ಹತ್ತಿರ ಇನ್ನೊಂದು ಮಾಡಿಸಿಕೊಂಡಳೆಂದು ಕೇಳಿ ಅವನ ಹೊಟ್ಟೆಗೆ ಬೆಂಕಿ ಬಿತ್ತು. ಈಗ ಅವಳ ಗಂಡ ಕಾಶೀನಾಥನಿಗೂ ಹಲ್ಲು ಬೇಕಿತ್ತು. ಆ ಕೆಲಸವೂ ಬೀದರಿಗೆ ಹೋದರೆ ಊರಲ್ಲಿ ತಲೆ ಎತ್ತುವುದು ಹೇಗೆ?

ಬೀದರ ಬಸ್ಸಿಗೆ ಕಾಯುತ್ತಿದ್ದ ಗಂಡ ಹೆಂಡತಿಯನ್ನು ಗಿಡಿಯೋನ ಎಳೆದುಕೊಂಡೇ ಮನೆಗೆ ಬಂದ.

"ಬಾಯಿ ತೆಗೀರಿ ಕಾಂತಕ್ಕ. ಆ ಉಸ್ತಾದ ಏನ್ ಮಾಡ್ಯಾನ ನೋಡೇ ಬಿಡ್ತೇನಿ."

ಕೈವಾರ ಹಿಡಿದು ಅಳೆದ. ಅಗಲ ಸರಿ, ಉದ್ದ ಸರಿ. ಹೊಟ್ಟೆ ಇನ್ನಷ್ಟು ಉರಿಯಿತು. ಅಷ್ಟರಲ್ಲಿ ಕಂಡಿತು: ನಡುಗೆರೆ ಅರ್ಧ ಜೋಳದ ಕಾಳಿನಷ್ಟು ಎಡಕ್ಕೆ ಸರಿದಿತ್ತು!

"ಸೊಟ್ಟ ಅದ! ನಂದು ಹಾಕ್ಕೊಂಡು ಕನ್ನಡಿ ನೋಡ್ರಿ."

ಅವಳು ಚೀಲದಿಂದ ಹಳೆಯ ಸೆಟ್ಟು ತೆಗೆದು ಹಾಕಿಕೊಂಡಳು. ಬಾಯಿ ಸುಮ್ಮನಿದ್ದಾಗ ಚೆಂದವೇ ಇತ್ತು. ಇವನ ಸಿಟ್ಟು ನೋಡಿ ಅವಳಿಗೆ ನಗು ಬಂತು. ನಲವತ್ತು ವರ್ಷ ಮಿಶ್ರಿ ಎಂಬ ಸುಟ್ಟ ತಂಬಾಕಿನ ಪುಡಿಯನ್ನು ಒಂದೇ ಬದಿಗೆ ಒತ್ತಿಟ್ಟ ತುಟಿ ಎಡಕ್ಕೆ ಎಳೆದುಕೊಂಡಿತು. ತುಟಿ ಒಂದು ಕಡೆ, ಹಲ್ಲು ಇನ್ನೊಂದು ಕಡೆ.

"ಮೂಗಿನ ಕೆಳಗ ಸೀದಾನೇ ಅದಾವ ಬಿಡ್ರಿ. ನಾ ಏನ್ ಮೂಗಿನಿಂದ ನಗ್ತೇನೇನ್ರಿ?" ಎಂದಳು ಕಾಂತಾಬಾಯಿ. "ಖಾಲಿದ ಮೊದ್ಲ ಛಾ ಕುಡಿಸಿದ, ಎರಡು ತಾಸು ನಗಿಸಿದ, ಆಮ್ಯಾಲ ಗೆರಿ ಹಾಕಿದ. ನಾ ನಗೋದು ನೀವು ನೋಡಿದ್ದೇ ಇವತ್ತು."

ಗಿಡಿಯೋನ ಅವಳ ಅಚ್ಚು ನೋಡಿದ್ದ, ನಗು ನೋಡಿರಲಿಲ್ಲ. ನಿನ್ನೆ ಮೊನ್ನೆ ಬಂದ ಖಾಲಿದನಿಗೆ ಇದು ಹೊಳೆಯಿತಲ್ಲ ಎಂಬುದೇ ಮುಳ್ಳಾಗಿ ಚುಚ್ಚಿತು.

ಕಾಶೀನಾಥನನ್ನು ಕುರ್ಚಿಯಲ್ಲಿ ಕೂಡಿಸಿ, "ನಗ್ರಿ," ಎಂದು ಗದರಿದ.

"ಯಾಕ ನಗ್ಲಿರಿ?"

ಹುಟ್ಟಿದಾಗಿನಿಂದ ಒಂದು ನಗೆಮಾತೂ ಆಡಿ ಗೊತ್ತಿಲ್ಲದ ಗಿಡಿಯೋನ ಬೆವರಿದ. "ನಗ್ರಿ ಅಂದ್ರ ನಗಬೇಕು! ಬೀದರದಾಗಾದ್ರ ನಗ್ತೀರಿ, ಇಲ್ಲೇನ್ ಧಾಡಿ?"

ಮುದುಕ ಬೊಚ್ಚುಬಾಯಿ ಬಿಟ್ಟು ನಕ್ಕೇ ಬಿಟ್ಟ. ಗಿಡಿಯೋನ ಮೂಗಿನತ್ತ ನೋಡದೆ ತುಟಿಯನ್ನೇ ನೋಡಿ, ಡಾಕ್ಟರಿಗೆ ಕಳಿಸುವ ಚೀಟಿಯಲ್ಲಿ ನಡುಗೆರೆಯ ಗುರುತು ಹಾಕಿಕೊಂಡ.

ಅಷ್ಟರಲ್ಲಿ ಬೀದರ ಬಸ್ಸು ಹೋಗಿಬಿಟ್ಟಿತ್ತು.

"ಕುಂದರ್ರಿ, ಛಾ ತರಸ್ತೇನಿ," ಎಂದ ಗಿಡಿಯೋನ. ಬಾಗಿಲಿಗೆ ಹೋದವನು ತಿರುಗಿ ನಿಂತ. "ಕಾಂತಕ್ಕ, ಅವ ಕುಡಿಸಿದ್ದು ಹಾಫ್ ಇತ್ತೋ, ಫುಲ್ಲೋ?"