ಒಂದು ಬುಟ್ಟಿ ದಂಟಿಲ್ಲದ ಹೂ

ಮೊನ್ನೆ ನೀವು ಮೊಬೈಲಿನಲ್ಲಿ ಜಪಾನಿನವರ ಹೂ ಜೋಡಣೆ ತೋರಿಸಿದಾಗ ನಾನು ಎದ್ದು ಒಳಗೆ ಹೋದೆ. ಯಾಕೆಂದು ಬಾಯಲ್ಲಿ ಹೇಳಲಾರೆ ಮಕ್ಕಳೇ, ಬರೆಯುತ್ತೇನೆ.

ನಿಮ್ಮಜ್ಜ ತೀರಿಕೊಂಡು ಮೂರು ವರ್ಷವಾಗಿತ್ತು. ನಿಪ್ಪಾಣಿಯ ಮಹಿಳಾ ಮಂಡಳದಲ್ಲಿ ಕಸ ಗುಡಿಸಿ ಚಹಾ ಮಾಡಿಕೊಡುವ ಕೆಲಸ ನನ್ನದು. ಪುಣೆಯ ಕಾರ್ಖಾನೆಯೊಂದರಲ್ಲಿದ್ದ ಜಪಾನಿ ಸಾಹೇಬರ ಹೆಂಡತಿ ಒಂದು ದಿನದ ಮಟ್ಟಿಗೆ ಬಂದು ತಮ್ಮ ನಾಡಿನ ಹೂ ಜೋಡಿಸುವ ವಿದ್ಯೆ ಕಲಿಸುವವರಿದ್ದರು. ಹೂ ತರುವ ಕೆಲಸವನ್ನು ಅಧ್ಯಕ್ಷರು ನನಗೆ ಹೇಳಿದರು.

ಸದಸ್ಯೆಯೊಬ್ಬಳು ನನಗೆ ಕೇಳುವಂತೆಯೇ ಅಂದಳು: "ಹೂವಿನ ಕೆಲಸಕ್ಕ ಇಕೀನ ಬೇಕಾಗಿದ್ಲೇನ್ರಿ? ಮುತ್ತೈದಿಯರು ಯಾರೂ ಸಿಗಲಿಲ್ಲೇನು?"

"ನಸುಕಿನ್ಯಾಗ ನೀ ಏಳ್ತಿಯೇನ? ಇಕಿ ಏಳ್ತಾಳ," ಅಂದು ಅಧ್ಯಕ್ಷರು ನಕ್ಕರು.

ಮೂರು ವರ್ಷ ನಾನು ಹೂ ಮುಟ್ಟಿರಲಿಲ್ಲ. ಏನಾದರೂ ತಪ್ಪಿದರೆ ನನ್ನ ಬರಿದಾದ ಹಣೆಯನ್ನೇ ತೋರಿಸುತ್ತಾರೆಂದು ಗೊತ್ತಿತ್ತು. ಆ ದಿನ ನಸುಕಿನಲ್ಲೇ ತೋಟಕ್ಕೆ ಹೋಗಿ ಚೆಂಡುಹೂ, ಸೇವಂತಿಗೆ ಆರಿಸಿ ಆರಿಸಿ ಬಿಡಿಸಿದೆ. ದೇವರಿಗೆ ಬಿಡಿಸುವ ಹಾಗೆ, ಬರೀ ಹೂ.

ಆ ಜಪಾನಿ ತಾಯಿ ಬಂದು ನನ್ನ ಬುಟ್ಟಿಯ ಒದ್ದೆ ಬಟ್ಟೆ ಸರಿಸಿ ಒಂದು ಹೂ ಎತ್ತಿದರು. ತಿರುಗಿಸಿ ನೋಡಿದರು. ಇನ್ನೊಂದು ಎತ್ತಿದರು. ಅವರು ತಂದಿದ್ದ ಅಗಲ ಬಟ್ಟಲುಗಳಲ್ಲಿ ಮೊಳೆ ತುಂಬಿದ ಸಣ್ಣ ಬಿಲ್ಲೆಗಳಿದ್ದವು. ಆ ಮೊಳೆಗೆ ಚುಚ್ಚಿ ನಿಲ್ಲಿಸಲು ಉದ್ದ ದಂಟು ಬೇಕು. ನನ್ನ ಬುಟ್ಟಿಯಲ್ಲಿ ಒಂದಕ್ಕೂ ದಂಟಿರಲಿಲ್ಲ.

"ನಾ ಹೇಳಿರಲಿಲ್ಲೇನ್ರಿ? ಅಪಶಕುನ ಹೊತ್ಕೊಂಡ ಬಂದಾಳ," ಅಂದಳು ಅದೇ ಸದಸ್ಯೆ. ಯಾರೂ ಅವಳಿಗೆ ಸುಮ್ಮನಿರು ಅನ್ನಲಿಲ್ಲ.

ಹೊರಗೆ ಓಡಿದೆ. ಪೇಟೆಯಲ್ಲಿ ಹೂ ಮಾರುವವನ ಹತ್ತಿರವೂ ಅಂಥವೇ ಇದ್ದವು. "ದಂಟ ಯಾಕಬೇ ಯಕ್ಕಾ? ಎಮ್ಮಿಗೆ ಹಾಕಾಕೇನು?" ಅಂದ. ಅಳು ಬಂತು. ಊರಂಚಿನ ಹೊಲದಲ್ಲಿ ತಂಬಾಕಿನ ಕುಡಿ ಮುರಿಯುತ್ತಿದ್ದರು. ಎಲೆ ದಪ್ಪವಾಗಲೆಂದು ಹೂವಿನ ಕುಡಿ ಮುರಿದು ಬದುವಿಗೆ ಎಸೆಯುತ್ತಾರೆ. ತಿಳಿ ಗುಲಾಬಿ ಹೂ, ಉದ್ದ ದಂಟು. ಮಡಿಲು ತುಂಬಿಕೊಂಡು ಬಂದೆ, ಕೈಯೆಲ್ಲ ಅಂಟು.

ಜಪಾನಿ ತಾಯಿ ಕಣ್ಣರಳಿಸಿ ಮೂರೇ ದಂಟು ನಿಲ್ಲಿಸಿದರು. ಒಂದು ಎತ್ತರ, ಒಂದು ಓರೆ, ಒಂದು ಗಿಡ್ಡ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಆ ತಾಯಿ ನನ್ನನ್ನೂ ಹತ್ತಿರ ಕರೆದು ಕತ್ತರಿ ಕೊಟ್ಟರು. ಅವರಿಗೇನು ಗೊತ್ತು! ನನ್ನ ದಂಟುಗಳು ಎರಡು ಸಲ ಬಿದ್ದವು. ಮೂರನೆಯ ಸಲ ನಿಂತವು. ಇನ್ನು ಮುಂದೆ ಹೂ ಮುಟ್ಟಬಹುದೇನೋ ಎಂದು ಒಂದು ಗಳಿಗೆ ನಂಬಿದೆ.

ಕೊನೆಗೆ ಎಲ್ಲರ ಬಟ್ಟಲುಗಳನ್ನೂ ದೇವರ ಫೋಟೋದ ಮುಂದೆ ಸಾಲಾಗಿ ಇಟ್ಟರು. ನಾನು ನನ್ನದನ್ನು ಹಿಡಿದು ನಿಂತೇ ಇದ್ದೆ. ಅಧ್ಯಕ್ಷರು ಬಂದು ಮೆಲ್ಲಗೆ, "ನಿಂದು ಚಹಾದ ಖೋಲಿಯಾಗ ಇಡವಾ. ತಪ್ಪ ತಿಳ್ಕೋಬ್ಯಾಡ," ಅಂದರು. ಒಳ್ಳೆಯ ಹೆಂಗಸು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸ್ಟೌವಿನ ಪಕ್ಕದಲ್ಲಿ ಇಟ್ಟೆ. ಹೊರಗೆ ಆರತಿ ಶುರುವಾಯಿತು. ಹಬೆಗೆ ಹೂ ಜೋತುಬೀಳುತ್ತಿದ್ದವು. ನಾನು ಕಪ್ಪುಗಳನ್ನು ತೊಳೆಯುತ್ತ ನಿಂತೆ.