ಅದುರಿದರೆ ಕಾಲು ತೆಗೆಯಬೇಡಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬಿಸ್ಕತ್ತು ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ಹೆಂಗಸೊಬ್ಬರು ಅಂಗಿಯ ತೋಳು ಮಡಚಿಕೊಂಡು, ಡ್ರಮ್ಮಿನಿಂದ ಬಕೆಟ್ಟಿಗೆ ನೀರು ಬಗ್ಗಿಸಿ ಸಿಮೆಂಟಿನ ನೆಲಕ್ಕೆ ಎರಚುತ್ತಿದ್ದಾರೆ. ಅದು ಬಟ್ಟೆ ಒಗೆದು ಉಳಿದ ಸೋಪಿನ ನೀರು. ಅಕ್ಕಪಕ್ಕದ ಮನೆಯವರು ಕೂಡ ತಮ್ಮ ಮನೆಯ ನೀರನ್ನು ಚೆಲ್ಲದೆ ಇವರಿಗಾಗಿ ಎತ್ತಿಡುತ್ತಾರೆ. ಕಾರ್ಖಾನೆಯೊಳಗೆ ಒಲೆಗಳು ಆಗಲೇ ಕಾದಿವೆ. ಸಕ್ಕರೆ ಬೇಯುವ ವಾಸನೆ ಅಂಗಳದ ತುಂಬ ಹರಡಿದೆ.

ಕಾವಲುಗಾರ ಟೀ ಲೋಟ ಹಿಡಿದು ಬಂದು ನೋಡುತ್ತಾನೆ. "ಅಲ್ಲಕ್ಕಾ, ಊರೋರೆಲ್ಲ ನೆಲ ತೊಳೆಯೋದು ಯಾರೂ ಜಾರದೇ ಇರ್ಲಿ ಅಂತ. ನೀವು ತೊಳೆಯೋದು ಜಾರ್ಲಿ ಅಂತ!"

"ಜಾರೋದಿದ್ರೆ ಇಲ್ಲೇ ಜಾರ್ಲಿ ಬಿಡಪ್ಪ. ಇಲ್ಲಿ ಗುದ್ದೋಕೆ ಡಬ್ಬಗಳು ಬಿಟ್ರೆ ಏನಿದೆ?"

ಡಬ್ಬಗಳೆಂದರೆ ಖಾಲಿ ರಟ್ಟಿನ ಪೆಟ್ಟಿಗೆಗಳು. ಒದ್ದೆಯ ನೆಲದ ಆಚೆ ತುದಿಯಲ್ಲಿ ಅವನ್ನು ಒಂದರ ಮೇಲೊಂದು ಪೇರಿಸಿ ಗೋಡೆ ಕಟ್ಟಿದ್ದಾರೆ. ಈಚೆ ತುದಿಯಲ್ಲಿ ಎರಡು ಕಾರುಗಳು ನಿಂತಿವೆ, ಒಂದು ಹಳೆಯದು, ಇನ್ನೊಂದು ಅದಕ್ಕಿಂತ ಸ್ವಲ್ಪ ಹೊಸದು. ಹಳೆಯದಕ್ಕೆ ಎಬಿಎಸ್ ಇಲ್ಲ, ಹೊಸದಕ್ಕೆ ಇದೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ನಿಂತು, ಗಾಡಿ ಸೋಪಿನ ತುಂಡಿನಂತೆ ಜಾರಿ ಹೋಗದ ಹಾಗೆ ನೋಡಿಕೊಳ್ಳುವ ಏರ್ಪಾಡು ಅದು. ಕಾಲು ಒತ್ತಿ ಹಿಡಿದಿದ್ದರೆ ಸಾಕು, ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ಕೆಲಸ ಅದೇ ಮಾಡುತ್ತದೆ, ಆಗ ಪೆಡಲ್ ಅದುರುತ್ತದೆ. ಇವರ ಕೆಲಸವಿರುವುದು ಈ ಎರಡು ಕಾರುಗಳ ನಡುವೆ. ಹಳೆಯದರಲ್ಲಿ ಪಳಗಿದ ಕಾಲಿಗೆ ಹೊಸದನ್ನು ಕಲಿಸುತ್ತಾರೆ. ಕಲಿಯಲು ಬಂದವರು ಇವರನ್ನು ಕರೆಯುವುದು ಬ್ರೇಕಕ್ಕ ಎಂದು.

ಇವತ್ತು ಪಾಠಕ್ಕೆ ಬಂದವರು ಬ್ರೇಕಕ್ಕನಿಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಶಾಲೆಯೊಂದರ ವ್ಯಾನ್ ಓಡಿಸುತ್ತಾರೆ. ಮಕ್ಕಳಿಗೆಲ್ಲ ಅವರು ವ್ಯಾನ್ ಮಾಮ. ಅವರ ಹಳೆಯ ವ್ಯಾನ್ ಗುಜರಿಗೆ ಹೋಗಿ ಹೊಸದು ಬಂದಿದೆ. ಬಂದ ಮೊದಲ ವಾರದಲ್ಲೇ ಶಾಲೆಯ ಗೇಟಿನ ಮುಂದೆ ನಾಯಿಯೊಂದು ಅಡ್ಡ ಬಂತು. ಮಾಮ ಬ್ರೇಕ್ ತುಳಿದರು. ಕಾಲಡಿಯ ಪೆಡಲ್ ಗಡಗಡ ಅದುರಿತು. ಏನೋ ಮುರಿಯಿತೆಂದು ಬೆಚ್ಚಿ ಅವರು ಕಾಲು ತೆಗೆದರು. ನಾಯಿ ತಪ್ಪಿಸಿಕೊಂಡಿತು, ವ್ಯಾನ್ ಹೋಗಿ ಗೇಟಿನ ಕಂಬಕ್ಕೆ ಗುದ್ದಿತು. ಪುಣ್ಯಕ್ಕೆ ಒಳಗೆ ಮಕ್ಕಳಿರಲಿಲ್ಲ. ಶಾಲೆಯ ಮ್ಯಾನೇಜರ್ ಒಳ್ಳೆಯವರೇ, ಆದರೆ ಮಾತು ಖಡಕ್ಕು. ಶನಿವಾರ ತಾವೇ ಈ ಅಂಗಳಕ್ಕೆ ಬಂದು, ಪಕ್ಕದಲ್ಲಿ ಕೂತು ಪರೀಕ್ಷೆ ಮಾಡುತ್ತಾರಂತೆ. ನಿಲ್ಲಿಸಿದರೆ ಸರಿ. ಇಲ್ಲವಾದರೆ ವ್ಯಾನಿಗೆ ಬೇರೆ ಡ್ರೈವರ್. ಮಾಮನಿಗೆ ಮಕ್ಕಳು ಹತ್ತಿ ಇಳಿಯುವಾಗ ಬಾಗಿಲು ತೆಗೆದು ಮುಚ್ಚುವ ಕೆಲಸ.

"ಇಪ್ಪತ್ತೆಂಟು ವರ್ಷ ಓಡಿಸಿದೀನಮ್ಮ," ಎನ್ನುತ್ತಾರೆ ಮಾಮ, ಕಾರು ಹತ್ತುವ ಮೊದಲೇ. "ಮಕ್ಕಳಿರೋ ಗಾಡಿ, ನಲವತ್ತು ದಾಟಿಸಲ್ಲ. ಅದೇ ರಸ್ತೆ, ಅದೇ ತಿರುವು. ದಿನದ ಓಡಾಟಕ್ಕೆ ಈ ಎಬಿಎಸ್ಸು ಗಿಬಿಎಸ್ಸು ಯಾಕೆ ಬೇಕು ಹೇಳು? ರೇಸಿಗೆ ಹೋಗೋರಿಗೆ ಸರಿ."

ಬ್ರೇಕಕ್ಕ ವಾದಕ್ಕೆ ಇಳಿಯುವುದಿಲ್ಲ. "ನೀವು ಹೇಳೋದು ಮುಕ್ಕಾಲು ಪಾಲು ನಿಜ ಅಣ್ಣ. ಮೊದಲು ಹಳೇ ಕಾರು ಹತ್ತಿ. ನಿಮ್ಮ ಕೈಚಳಕ ನೋಡೋಣ."

ಮಾಮ ಹಳೆಯ ಕಾರನ್ನು ಓಡಿಸಿಕೊಂಡು ಬಂದು ಒದ್ದೆ ನೆಲದ ಅಂಚಿನಲ್ಲಿ ಬ್ರೇಕ್ ಹಿಡಿಯುತ್ತಾರೆ. ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಕಾಲು ತಾಳ ಹಾಕುತ್ತದೆ. ಕಾರು ಎಲ್ಲೂ ಕುಂಡಿ ತಿರುಗಿಸದೆ ಡಬ್ಬಗಳ ಮುಂದೆ ಸಾಧುವಾಗಿ ನಿಲ್ಲುತ್ತದೆ. ಪಕ್ಕದ ಸೀಟಿನಲ್ಲಿದ್ದ ಬ್ರೇಕಕ್ಕ ಕೈಮುಗಿಯುತ್ತಾರೆ. ಆ ಕೈಮುಗಿಯುವುದರಲ್ಲಿ ತಮಾಷೆಯಿಲ್ಲ. ಇಷ್ಟು ಹದವಾದ ಕಾಲು ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು.

ಅವರಿಗೆ ಭಯವಾಗುವುದೂ ಅಲ್ಲೇ. ಇಷ್ಟು ಚೆನ್ನಾಗಿ ಕಲಿತದ್ದನ್ನು ಮರೆಸುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತು.

ಹೊಸ ಕಾರಿನಲ್ಲಿ ಹಾಗೇ ಆಗುತ್ತದೆ. ಮಾಮ ಒತ್ತಿ ಬಿಡುತ್ತಾರೆ, ಕಾರು ನಿಲ್ಲುವ ಬದಲು ಮುಂದೆ ಹೋಗಿ ಡಬ್ಬ ಬೀಳಿಸುತ್ತದೆ. ಎರಡನೇ ಸಲ ಒತ್ತಿ ಹಿಡಿಯುತ್ತಾರೆ. ಪೆಡಲ್ ಅದುರಿದ ಕೂಡಲೇ ಬಿಸಿ ಕಬ್ಬಿಣ ಮುಟ್ಟಿದವರಂತೆ ಕಾಲು ಹಿಂದಕ್ಕೆ. ಮತ್ತೆ ಡಬ್ಬಗಳು ಚೆಲ್ಲಾಪಿಲ್ಲಿ.

"ಆ ಡಬ್ಬ ಯಾರು ಅಂದ್ಕೊಂಡ್ರಿ ಅಣ್ಣ?" ಬ್ರೇಕಕ್ಕ ಕೇಳುತ್ತಾರೆ.

"ನಮ್ಮ ಮ್ಯಾನೇಜರ್ರು."

"ಅದಕ್ಕೇ ನಿಮ್ಮ ಕಾಲು ನಿಲ್ಲಿಸೋಕೆ ಒಪ್ತಿಲ್ಲ!"

ಮಾಮ ನಗುತ್ತಾರೆ. ನಗು ಬೇಗ ಆರುತ್ತದೆ. ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ಹೇಳುತ್ತಾರೆ: "ಈ ಕಾಲು ಮಾಡೋ ಕೆಲಸಾನ ಬಾನೆಟ್ಟಿನೊಳಗಿನ ಒಂದು ಡಬ್ಬಿ ಮಾಡುತ್ತೆ ಅಂದ್ಮೇಲೆ ನಾನ್ಯಾಕಮ್ಮ ಇರ್ಬೇಕು? ಬಾಗಿಲು ತೆಗೆಯೋದೇ ವಾಸಿ."

"ಡಬ್ಬಿಗೆ ಚಕ್ರ ಬಿಟ್ರೆ ಬೇರೇನೂ ಗೊತ್ತಿಲ್ಲ ಅಣ್ಣ. ಗೇಟ್ ಹತ್ರ ಮಕ್ಕಳಿರ್ತಾರೆ ಅಂತ ಅಷ್ಟು ದೂರದಿಂದಲೇ ನಿಧಾನ ಮಾಡೋರು ಯಾರು? ಅದಾ, ನೀವಾ?"

ಮಾಮ ಇಳಿದು ಡಬ್ಬ ಜೋಡಿಸಲು ಹೋಗುತ್ತಾರೆ.

ಬ್ರೇಕಕ್ಕ ಈ ಕೆಲಸಕ್ಕೆ ಬಿದ್ದದ್ದು ಹೀಗೇ ನೋಡಿ ನೋಡಿ. ಮೊದಲು ಅವರು ಡ್ರೈವಿಂಗ್ ಸ್ಕೂಲೊಂದರಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಿದ್ದರು. ಅಲ್ಲಿದ್ದದ್ದು ಹಳೇ ಕಾರು. ಅದರಲ್ಲಿ ಕಲಿತವರು ಹೊಸ ಕಾರು ಕೊಂಡು ಖುಷಿಯಿಂದ ತೋರಿಸಲು ಬರುತ್ತಿದ್ದರು. ಕೆಲವು ಕಾರುಗಳ ಮೂತಿ ಜಜ್ಜಿರುತ್ತಿತ್ತು. ಕೇಳಿದರೆ ಎಲ್ಲರದೂ ಒಂದೇ ಕಥೆ: ಬ್ರೇಕ್ ಫೇಲಾಯ್ತಕ್ಕ, ಪೆಡಲ್ ಒದೀತು. ಗ್ಯಾರೇಜಿಗೆ ಹೋದರೆ ಬ್ರೇಕಿನಲ್ಲಿ ಒಂದು ದೋಷವೂ ಸಿಗುತ್ತಿರಲಿಲ್ಲ. ಒಂದು ಗಂಟೆ ಇದಕ್ಕೆಂದೇ ಪಾಠ ಇಡೋಣ ಎಂದು ಮಾಲೀಕರನ್ನು ಕೇಳಿದರು. "ಲೈಸೆನ್ಸ್ ಬಂತಲ್ಲ, ಇನ್ನೇನು ಪಾಠ? ಮದುವೆ ಆದ್ಮೇಲೆ ಯಾರಾದ್ರೂ ಹುಡುಗಿ ನೋಡೋಕೆ ಹೋಗ್ತಾರಾ?" ಎಂದು ಅವರು ಕೈ ಝಾಡಿಸಿದರು. ಬ್ರೇಕಕ್ಕ ಕೆಲಸ ಬಿಟ್ಟರು. ಕಾರ್ಖಾನೆಯ ಲಾರಿಗಳು ಬರುವ ಮುಂಚೆ ಅಂಗಳ ಬಳಸಿಕೊಳ್ಳಲು ಅನುಮತಿ ಪಡೆದರು. ಮೊದಲ ಎರಡು ತಿಂಗಳು ಕಾವಲುಗಾರ ಬಿಟ್ಟರೆ ಯಾರೂ ಬರಲಿಲ್ಲ. ಅವನಿಗೆ ಕಾರೂ ಇರಲಿಲ್ಲ.

ಈಗ ದಿನಕ್ಕೆ ನಾಲ್ಕೈದು ಜನ ಬರುತ್ತಾರೆ. ಹಾಲಿನ ಗಾಡಿಯವರು, ಆಸ್ಪತ್ರೆಯ ಡ್ರೈವರುಗಳು, ಮಗ ಕೊಡಿಸಿದ ಕಾರು ಕಂಡರೆ ಹೆದರುವ ಅಪ್ಪಂದಿರು. ಒಬ್ಬೊಬ್ಬರೂ ಹದಿನೈದಿಪ್ಪತ್ತು ಸಲ ಬ್ರೇಕ್ ತುಳಿಯುತ್ತಾರೆ. ಅಷ್ಟೂ ಸಲ ಪಕ್ಕದಲ್ಲಿ ಕೂತ ಬ್ರೇಕಕ್ಕನ ಕುತ್ತಿಗೆ ಮುಂದೆ ಹೋಗಿ ಹಿಂದೆ ಬರುತ್ತದೆ. ರಾತ್ರಿ ದಿಂಬಿಲ್ಲದೆ ಮಲಗಬೇಕು. ಹೊಗಳಿ ಮಾರುವುದೂ ಅವರಿಗೆ ಬಾರದು. "ಎಬಿಎಸ್ ಇದ್ರೆ ಗಾಡಿ ಗಕ್ಕಂತ ನಿಲ್ಲುತ್ತೆ ಅಂತ ನಾನು ಯಾರಿಗೂ ಹೇಳಲ್ಲ," ಎನ್ನುತ್ತಾರೆ. "ಜಲ್ಲಿ ಮೇಲೆ ಒಂದು ಮಾರು ಮುಂದಕ್ಕೇ ಹೋಗಬಹುದು. ಆದ್ರೆ ಬ್ರೇಕ್ ಒತ್ತಿರುವಾಗಲೂ ತಿರುಗಿಸಿದ ಕಡೆ ತಿರುಗುತ್ತೆ. ಅದಕ್ಕೂ ಟೈರಲ್ಲಿ ಸ್ವಲ್ಪ ಜೀವ ಇರ್ಬೇಕು. ಬೋಳು ಟೈರಿಗೆ ಎಬಿಎಸ್ಸು, ಬೋಳು ತಲೆಗೆ ಬಾಚಣಿಗೆ."

ಮನೆಗೆ ಬಂದರೆ ಮುಂದಿನ ಕೋಣೆಯಲ್ಲಿ ಗಂಡನ ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ. ಅಂಗಳದ ಡಬ್ಬಗಳೆಲ್ಲ ಅಲ್ಲಿಂದಲೇ ಹೋದವು. ಒಳಬಾಗಿಲಲ್ಲಿ ಅತ್ತೆ ಕೂತಿರುತ್ತಾರೆ. ಸೊಸೆ ಏನು ಕೆಲಸ ಮಾಡುತ್ತಾಳೆಂದು ಗಿರಾಕಿಗಳು ಕೇಳಿದರೆ ಮುಖ ಒಂದಿಷ್ಟೂ ಸಡಿಲಿಸದೆ ಹೇಳುತ್ತಾರೆ: "ಬೆಳಗ್ಗೆದ್ದು ಊರ ಗಂಡಸರಿಗೆಲ್ಲ ಕಾಲು ಒತ್ತೋದು ಹೇಳಿಕೊಡ್ತಾಳೆ. ನನ್ನ ಕಾಲು ಒತ್ತೋಕೆ ಮಾತ್ರ ಟೈಮಿಲ್ಲ."

ಆ ದಿನ ಬ್ರೇಕಕ್ಕ ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಾರೆ. ಶನಿವಾರಕ್ಕೆ ಇನ್ನೆರಡೇ ಬೆಳಗು. ಮಾಮನ ಕಾಲಿಗೆ ಮಾತು ತಲುಪುತ್ತಿಲ್ಲ. ತಲೆ ಒಪ್ಪಿದೆ, ಕಾಲು ಒಪ್ಪಿಲ್ಲ. ಅಷ್ಟರಲ್ಲಿ ಗಂಡ ರಿಪೇರಿ ಮಾಡಿದ ಮಿಕ್ಸಿಯನ್ನು ನೋಡಲು ಒಂದು ಹಿಡಿ ಕಾಳು ಹಾಕಿ ತಿರುಗಿಸುತ್ತಾರೆ. ಮಿಕ್ಸಿ ಮೇಜನ್ನೇ ನಡುಗಿಸುತ್ತದೆ. ಗಂಡ ಅಂಗೈಯನ್ನು ಮುಚ್ಚಳದ ಮೇಲೆ ಗಟ್ಟಿಯಾಗಿ ಒತ್ತಿಕೊಂಡು ಗಿರಾಕಿಯೊಂದಿಗೆ ಬೇರೇನೋ ಮಾತಾಡುತ್ತಿದ್ದಾರೆ. ಬ್ರೇಕಕ್ಕ ಆ ಕೈಯನ್ನೇ ನೋಡುತ್ತಾರೆ.

ಮರುದಿನ ಅಂಗಳದಲ್ಲಿ ಮೊದಲ ಪ್ರಶ್ನೆಯೇ ಅದು. "ಅಣ್ಣ, ಮಿಕ್ಸಿ ಅದುರುತ್ತೆ ಅಂತ ಮುಚ್ಚಳದಿಂದ ಕೈ ತೆಗೀತೀರಾ?"

"ನಾನು ಮಿಕ್ಸಿ ಮುಟ್ಟಿದೋನೇ ಅಲ್ಲಮ್ಮ."

"ಎಷ್ಟು ವರ್ಷ ಆಯ್ತು ಮದುವೆಯಾಗಿ?"

"ಮೂವತ್ತೊಂದು."

"ಅತ್ತಿಗೆ ದೇವರಂಥೋರು. ಇವತ್ತು ಕಾರು ಬೇಡ. ಮನೆಗೆ ಹೋಗಿ, ಸಂಜೆವರೆಗೂ ಅಡುಗೆಮನೆಯಲ್ಲಿ ರುಬ್ಬೋದೆಲ್ಲ ನಿಮ್ಮದು. ನಾಳೆ ಬೆಳಗ್ಗೆ ಮ್ಯಾನೇಜರ್ ಬರೋಕೆ ಮುಂಚೆ ಬನ್ನಿ."

ಒಂದೇ ದಿನ ಉಳಿದಿರುವಾಗ ಕಾರು ಬಿಡಿಸಿ ಮಿಕ್ಸಿ ಹಿಡಿಸಿದ್ದು ಸರಿಯೇ ಎಂದು ಬ್ರೇಕಕ್ಕನಿಗೂ ಗೊತ್ತಿಲ್ಲ. ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಾರೆ. ಗಂಡ ನಿದ್ದೆಗಣ್ಣಲ್ಲೇ ಕೇಳುತ್ತಾರೆ, "ಯಾರದು ಪರೀಕ್ಷೆ, ಅವರದಾ ನಿಂದಾ?"

ಶನಿವಾರ ಮಾಮ ಬರುವಾಗಲೇ ಮುಖದಲ್ಲಿ ಏನೋ ಕಳೆ. "ನನ್ನ ಹೆಂಡ್ತಿ ಮೊದಲು ನನ್ನ ಹಣೆ ಮುಟ್ಟಿ ನೋಡಿದ್ಲಮ್ಮ, ಜ್ವರಾನಾ ಅಂತ. ಮೊದಲ್ನೇ ಸಲ ಅದುರಿದ ತಕ್ಷಣ ಕೈ ತೆಗೆದೇಬಿಟ್ಟೆ. ಗೋಡೆ, ಕ್ಯಾಲೆಂಡರು, ನನ್ನ ಕನ್ನಡಕ, ಎಲ್ಲಾ ಕಡೆ ಚಟ್ನಿ. ಒರೆಸಿದ್ದೂ ನಾನೇ. ಎರಡನೇ ಸಲ ಅವಳು ನನ್ನ ಕೈ ಮೇಲೆ ಕೈಯಿಟ್ಟು ಒತ್ತಿ ಹಿಡಿದ್ಲು. 'ಅದುರ್ಲಿ ಬಿಡ್ರೀ, ಅದು ಕೆಲಸ ಮಾಡ್ತಿದೆ' ಅಂದ್ಲು. ನೀನು ಮೊನ್ನೆಯಿಂದ ಹೇಳ್ತಿದ್ದೂ ಇದೇ ಅಲ್ವಾ?"

"ನಾನು ಕಾಲಿಗೆ ಹೇಳ್ತಿದ್ದೆ. ಅತ್ತಿಗೆ ಕೈಗೆ ಹೇಳಿದ್ರು."

ಮ್ಯಾನೇಜರ್ ಹೊಸ ವ್ಯಾನಿನಲ್ಲೇ ಬರುತ್ತಾರೆ. ನೆಲ ನೋಡಿ, ಪ್ಯಾಂಟಿನ ತುದಿ ಮಡಚಿಕೊಂಡು, ಮಾಮನ ಪಕ್ಕ ಕೂತು ಬೆಲ್ಟ್ ಹಾಕಿಕೊಳ್ಳುತ್ತಾರೆ. ಬ್ರೇಕಕ್ಕನಿಗೆ ಒಳಗೆ ಜಾಗವಿಲ್ಲ. ಡಬ್ಬಗಳ ಪಕ್ಕ ನಿಂತು ಕೈ ಎತ್ತಬೇಕು, ಅಷ್ಟೇ. ಇವರು ಕೈ ಎತ್ತಿದಾಗ ಮಾಮ ಬ್ರೇಕ್ ತುಳಿದು, ಡಬ್ಬ ತಾಗಿಸದೆ ಪಕ್ಕಕ್ಕೆ ಹೊರಳಿಸಿ ನಿಲ್ಲಿಸಬೇಕು.

ವ್ಯಾನ್ ದೂರದಿಂದ ಬರುತ್ತದೆ. ಕಿಟಕಿ ತೆರೆದಿದೆ. ಬ್ರೇಕಕ್ಕ ಕೈ ಎತ್ತುತ್ತಾರೆ; ಎತ್ತಿದ ಮೇಲೆ ಕಣ್ಣು ಮುಚ್ಚಿಕೊಳ್ಳಬೇಕೆನಿಸುತ್ತದೆ, ಮುಚ್ಚುವುದಿಲ್ಲ. ವ್ಯಾನಿನ ಮೂತಿ ತಗ್ಗುತ್ತದೆ. ಗಡಗಡ ಸದ್ದಿನ ಮೇಲೆ ಮಾಮನ ದನಿ ಕೇಳುತ್ತದೆ: "ಅದುರು ತಾಯಿ, ಅದುರು, ಎಷ್ಟು ಬೇಕಾದ್ರೂ ಅದುರು!" ಚಕ್ರಗಳು ಸೋಪಿನ ನೀರನ್ನು ಸೀಳಿಕೊಂಡು ಬಲಕ್ಕೆ ಹೊರಳುತ್ತವೆ. ವ್ಯಾನ್ ಡಬ್ಬಗಳ ಪಕ್ಕಕ್ಕೆ ಸರಿದು, ಒಂದು ಸಲ ಮುಗ್ಗರಿಸಿ, ನಿಲ್ಲುತ್ತದೆ. ಒಂದು ಡಬ್ಬವೂ ಅಲುಗಿಲ್ಲ.

ಮ್ಯಾನೇಜರ್ ಇನ್ನೊಂದು ಸಲ ಎನ್ನುತ್ತಾರೆ. ಇನ್ನೊಂದು ಸಲವೂ ಅಷ್ಟೇ. ಮೂರನೆಯ ಸಲ ಮಾಮನೇ ಕೇಳಿ ಮಾಡುತ್ತಾರೆ. ಅವರಿಗೆ ರುಚಿ ಹತ್ತಿದೆ.

"ಸೋಮವಾರದಿಂದ ವ್ಯಾನ್ ನಿಮ್ಮದೇ," ಎನ್ನುತ್ತಾರೆ ಮ್ಯಾನೇಜರ್ ಇಳಿಯುತ್ತ. "ಆದ್ರೆ ಮಕ್ಕಳ ಮುಂದೆ ಹಾಗೆಲ್ಲ ಕೂಗಬೇಡಿ."

ಮಾಮ ಇಳಿದು ಬರುತ್ತಾರೆ. ಬ್ರೇಕಕ್ಕನ ಕೈಯಿಂದ ಖಾಲಿ ಬಕೆಟ್ ಇಸಿದುಕೊಂಡು ಡ್ರಮ್ಮಿನ ಪಕ್ಕ ಇಟ್ಟುಬರುತ್ತಾರೆ.

ಇದಾಗಿ ನಾಲ್ಕು ತಿಂಗಳಾಗಿದೆ. ಬ್ರೇಕಕ್ಕನ ಆಸೆ ದೊಡ್ಡದೇನಲ್ಲ. ಕಾರು ಮಾರುವವರು ಹಾಡು ಹಾಕುವುದು ಹೇಗೆಂದು ಅರ್ಧ ಗಂಟೆ ಹೇಳಿಕೊಡುತ್ತಾರೆ. ಹಾಗೆಯೇ ಒಂದೇ ಒಂದು ಸಲ ಬ್ರೇಕನ್ನು ಅದುರುವವರೆಗೆ ತುಳಿಸಿ ಕಳಿಸಲಿ. "ಹಾಗಾದ್ರೆ ನಿಮ್ಮ ಹತ್ರ ಯಾರು ಬರ್ತಾರೆ?" ಎಂದು ಕೇಳಿದರೆ, "ಯಾರೂ ಬರ್ದಿದ್ರೆ ಅತ್ತೆ ಕಾಲು ಕಾಯ್ತಾ ಇದೆ," ಎನ್ನುತ್ತಾರೆ.

ಮಾತು ಮುಗಿಯುವ ಮೊದಲೇ ಗೇಟಿನ ಹತ್ತಿರ ಹಾರ್ನ್ ಕೇಳುತ್ತದೆ. ಮಕ್ಕಳನ್ನು ಕರೆತರಲು ಹೊರಟ ಮಾಮ, ದಾರಿಯಲ್ಲಿ ವ್ಯಾನ್ ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದ್ದಾರೆ. ಬಹಳ ದಿನದಿಂದ ಹೇಳಬೇಕೆಂದುಕೊಂಡ ದೂರು ಅವರದು.

"ಅಲ್ಲಮ್ಮ, ನಾಲ್ಕು ತಿಂಗಳಿಂದ ಕಾಲು ಸಿದ್ಧ ಮಾಡ್ಕೊಂಡು ಕಾಯ್ತಿದೀನಿ. ಒಂದು ಸಲಾನೂ ಅದುರಿಲ್ಲ! ದಿನದ ಓಡಾಟಕ್ಕೆ ಬೇಡ ಅಂತ ನಾನು ಹೇಳಿದ್ದು ಸುಳ್ಳಾ?"

"ಸುಳ್ಳಲ್ಲ ಅಣ್ಣ," ಎನ್ನುತ್ತಾರೆ ಬ್ರೇಕಕ್ಕ. ನಗುವಾಗ ಕುತ್ತಿಗೆ ನೋಯುತ್ತದೆ, ಒಂದು ಕೈ ಅಲ್ಲಿಗೆ ಹೋಗುತ್ತದೆ. "ಈ ವಾದದಲ್ಲಿ ದಿನಾ ಹೀಗೇ ನನ್ನನ್ನ ಸೋಲಿಸ್ತಾ ಇರಿ."